ಬೇಬಿ ಆಸ್ಟಿನ್ನಿನ ಹೊಸ ಒಡೆಯರು

ಮನೆಯಲ್ಲಿ ತೀರ ವಯಸ್ಸಾದವರಿದ್ದರೆ ಒಮ್ಮೆ ಕೇಳಿ ನೋಡಿ. ‘ಬೇಬಿ ಆಸ್ಟಿನ್’ ಎಂಬ ಹೆಸರು ಅವರ ಕಿವಿಗೆ ಬಿದ್ದಿರಲೂಬಹುದು. ಇಂಗ್ಲೆಂಡಿನ ಆಸ್ಟಿನ್ ಕಂಪೆನಿಯವರು 1922ರಲ್ಲಿ ಹೊರತಂದ ‘ಆಸ್ಟಿನ್ ಸೆವೆನ್’ ಎಂಬ ಪುಟ್ಟ ಮೋಟಾರಿಗೆ ಜನ ಅಕ್ಕರೆಯಿಂದ ಇಟ್ಟ ಹೆಸರು ಅದು. 1939ರ ಆರಂಭದವರೆಗೆ ಸುಮಾರು 2,90,000 ಗಾಡಿಗಳು ತಯಾರಾದವು. ಅವುಗಳಲ್ಲಿ ಕೆಲವು ಹಡಗೇರಿ ನಮ್ಮ ದೇಶಕ್ಕೂ ಬಂದವು. ಮುಚ್ಚಿದ ಮೈಯವು, ಇಬ್ಬರೇ ಕೂರುವ ಪಂದ್ಯದವು ಎಂದು ಇದರಲ್ಲಿ ನಾನಾ ಬಗೆ ಇದ್ದರೂ ಮೊದಲು ಜನರ ಮನಸ್ಸಿಗೆ ಹಿಡಿದದ್ದು ‘ಟೂರರ್’ ಎಂಬ ಬಗೆ. ಟೂರರ್ ಎಂದರೆ ತೆರೆದ ಮೈಯ ಗಾಡಿ. ಮಳೆ ಬಂದರೆ ಎಳೆದುಕೊಳ್ಳಲು ಬಟ್ಟೆಯ ಹುಡ್ಡು. ಬಿಸಿಲು ಬಂದರೆ ಅದನ್ನು ಹಿಂದಕ್ಕೆ ಮಡಿಸಿದರಾಯಿತು. ಮುಂದೆ ದೊಡ್ಡವರಿಬ್ಬರು, ಹಿಂದಿನ ಗೇಣಗಲದ ಬೆಂಚಿನ ಮೇಲೆ ಮಕ್ಕಳಿಬ್ಬರು. ಈ ನಾಲ್ವರೂ ಒಬ್ಬರಿಗೊಬ್ಬರು ಒತ್ತಿಕೊಂಡೇ ಕೂರಬೇಕಾದ್ದರಿಂದ ಅದಕ್ಕೆ ‘ಚಮ್ಮಿ’, ಅಂದರೆ ಗೆಳೆತನದ ಗಾಡಿ, ಎಂಬ ಅಡ್ಡಹೆಸರೂ ಬಂತು.

ಎಂಬತ್ತು ದಾಟಿದ ಆಂಗ್ಲ ಮುದುಕನೊಬ್ಬ ಇಂಥ ಗಾಡಿಯನ್ನು ಒರೆಸಿ ತಿಕ್ಕಿ ಇಟ್ಟುಕೊಂಡಿದ್ದರೆ ನಮಗೆ ಆಶ್ಚರ್ಯವಿಲ್ಲ. ಅವನು ಬಾಲ್ಯದಲ್ಲಿ ಅದರಲ್ಲಿ ಕೂತಿದ್ದಾನೆ. ಅವನು ಒರೆಸುತ್ತಿರುವುದು ತನ್ನ ಬಾಲ್ಯವನ್ನೇ. ಆದರೆ ಇಂದು ಬ್ರಿಟನ್ನಿನಲ್ಲಿ ಇಪ್ಪತ್ತು, ಇಪ್ಪತ್ತೈದು ವಯಸ್ಸಿನ ಹುಡುಗ ಹುಡುಗಿಯರೂ ಈ ಗಾಡಿಗಳನ್ನು ಕೊಳ್ಳುತ್ತಿದ್ದಾರೆ. ಗಾಡಿ ತಯಾರಾದಾಗ ಅವರ ಅಜ್ಜಂದಿರೇ ಹುಟ್ಟಿರಲಿಲ್ಲ. ಇವರಿಗೆ ಅದರಲ್ಲಿ ಯಾವ ನೆನಪು? ಗಂಟೆಗೆ ನಲವತ್ತು ಮೈಲಿ ಓಡಿದರೆ ಏದುಸಿರು ಬಿಡುವ, ಚಳಿಗೆ ಬೆಚ್ಚಗಾಗದ, ಮಳೆಗೆ ಸೋರುವ ಈ ಬಂಡಿಯಲ್ಲಿ ಅವರು ಏನನ್ನು ಕಂಡಿದ್ದಾರೆ?

ಉತ್ತರಕ್ಕೆ ಗಾಡಿಯ ಜಾತಕವನ್ನೇ ಸ್ವಲ್ಪ ನೋಡಬೇಕು. 1921ರಲ್ಲಿ ಆಸ್ಟಿನ್ ಕಂಪೆನಿ ಸಾಲದಲ್ಲಿ ಮುಳುಗಿ, ಅದರ ಆಡಳಿತ ರಿಸೀವರರ ಕೈಗೆ ಹೋಗಿತ್ತು. ದೊಡ್ಡ ಮೋಟಾರುಗಳನ್ನು ಕೊಳ್ಳುವವರಿಲ್ಲ. ಒಡೆಯ ಹರ್ಬರ್ಟ್ ಆಸ್ಟಿನ್ನರಿಗೆ ಐವತ್ತೈದು ವಯಸ್ಸು. ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲು ಕಟ್ಟಿಕೊಂಡು ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಸಂಸಾರಸ್ಥನಿಗೆ ನಾಲ್ಕು ಚಕ್ರದ ನಿಜವಾದ ಕಾರೊಂದನ್ನು ಕೊಡಬೇಕೆಂದು ಅವರ ಹಟ. ಆಡಳಿತ ಮಂಡಲಿಗೆ ಒಪ್ಪಿಗೆಯಿಲ್ಲ. ಸರಿ, ಅವರು ಕಾರ್ಖಾನೆಯ ನಕ್ಷೆ ಕೋಣೆಯಿಂದ ಸ್ಟ್ಯಾನ್ಲಿ ಎಡ್ಜ್ ಎಂಬ ಹುಡುಗನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ಅವನಿಗೊಂದು ನಕ್ಷೆಯ ಹಲಗೆ ಹಾಕಿಸಿಕೊಟ್ಟರು. ಹುಡುಗನಿಗೆ ಆಗ ಹದಿನೆಂಟು ವಯಸ್ಸು. ಗಾಳಿಯಿಂದ ತಣಿಯುವ ಎರಡು ಸಿಲಿಂಡರಿನ ಎಂಜಿನ್ ಸಾಕೆಂಬ ಆಲೋಚನೆ ಒಡೆಯರ ತಲೆಯಲ್ಲಿದ್ದಾಗ, ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ನೇ ಮೇಲೆಂದು ವಾದಿಸಿ ಗೆದ್ದವನು ಇವನೇ. ಕಂಪೆನಿ ಹಣ ಹೂಡಲು ಹಿಂಜರಿದದ್ದರಿಂದ ಹೊಸ ಉಪಾಯಗಳ ಹಕ್ಕನ್ನು ಆಸ್ಟಿನ್ನರು ತಮ್ಮ ಹೆಸರಿಗೇ ಬರೆಸಿಕೊಂಡು, ಮಾರಾಟವಾದ ಒಂದೊಂದು ಗಾಡಿಗೂ ಎರಡೆರಡು ಗಿನಿ ರಾಯಧನ ಪಡೆದರು. ಮಂಡಲಿಯವರು ಅನಂತರ ಎಷ್ಟು ಕೈ ಹಿಸುಕಿಕೊಂಡರೋ! ಗಾಡಿ ಕಂಪೆನಿಯನ್ನೇ ಉಳಿಸಿತು.

ಅದರ ಎಂಜಿನ್ ಅಷ್ಟು ಸಣ್ಣದಾಗಲು ಇನ್ನೊಂದು ಕಾರಣ ತೆರಿಗೆ. 1921ರಿಂದ ಬ್ರಿಟನ್ನಿನಲ್ಲಿ ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡಿನಂತೆ ಮೋಟಾರು ತೆರಿಗೆ ಇತ್ತು. ಆದರೆ ಅಶ್ವಶಕ್ತಿಯನ್ನು ಅವರು ಎಣಿಸುತ್ತಿದ್ದದ್ದು ಎಂಜಿನ್ನಿನ ನಿಜವಾದ ಬಲದಿಂದಲ್ಲ, ಸಿಲಿಂಡರಿನ ಬಾಯಗಲದಿಂದ. ಅಗಲವಾದ ಸಿಲಿಂಡರುಗಳಿದ್ದ ಅಮೆರಿಕದ ಫೋರ್ಡ್ ‘ಟಿ’ ಗಾಡಿಗೆ 23 ಪೌಂಡ್ ತೆರಬೇಕಾಗಿತ್ತು. 56 ಮಿಲಿಮೀಟರ್ ಅಗಲ, 76 ಮಿಲಿಮೀಟರ್ ಉದ್ದದ ಓಟವಿದ್ದ, 747 ಸಿ.ಸಿ.ಯ ಆಸ್ಟಿನ್ ಸೆವೆನ್ನಿಗೆ 8 ಪೌಂಡ್ ಸಾಕಾಯಿತು. ಗಾಡಿಯ ಬೆಲೆಯೂ 225 ಪೌಂಡಿನಿಂದ ಬೇಗನೆ 165ಕ್ಕೆ ಇಳಿಯಿತು. ಮೊದಲ ಗಾಡಿಗಳ ತೂಕ 400 ಕಿಲೋಗ್ರಾಮಿಗೂ ಕಡಿಮೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಆರೂಕಾಲು ಅಡಿ. ನಾಲ್ಕು ಜನ ಹಿಡಿದರೆ ಎತ್ತಿ ಪಕ್ಕಕ್ಕೆ ಸರಿಸಬಹುದು.

ಹೀಗೆ ಹುಡುಗನೊಬ್ಬನ ಕೈಯಲ್ಲಿ ಮೂಡಿದ ಗಾಡಿ ಹುಡುಗರ ಕೈ ಬಿಡಲೇ ಇಲ್ಲ. ಕಾರುಗಳು ಸಾಗಿ ಹಳತಾದಂತೆ ಮೂರನೆಯ, ನಾಲ್ಕನೆಯ ಕೈಯಲ್ಲಿ ಚಿಲ್ಲರೆ ಬೆಲೆಗೆ ಸಿಗುತ್ತಿದ್ದವು. ಮೇಲಿನ ತಗಡನ್ನು ಕಿತ್ತೆಸೆದು, ಕೆಳಗಿನ ಚೌಕಟ್ಟಿನ ಮೇಲೆ ತಮಗೆ ತೋಚಿದ ಮೈ ಕಟ್ಟಿ ಓಡಿಸುವುದು ಅಲ್ಲಿನ ಬಡ ತರುಣರಿಗೆ ಒಂದು ಹುಚ್ಚೇ ಆಯಿತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ತರುಣನಾಗಿದ್ದಾಗ ಗೆಳೆಯನೊಡನೆ ಸೇರಿ ಈ ಗಾಡಿಯ ಭಾಗಗಳಿಂದ ಪಂದ್ಯದ ಕಾರೊಂದನ್ನು ಕೈಯಾರೆ ಕಟ್ಟಿದರು. ಮುಂದೆ 1959ರಲ್ಲಿ ಲೋಕಪ್ರಸಿದ್ಧವಾದ ‘ಮಿನಿ’ ಕಾರನ್ನು ರೂಪಿಸಿದವರು ಅವರೇ. ಅದು ಮೊದಲು ಮಾರುಕಟ್ಟೆಗೆ ಬಂದ ಎರಡು ಹೆಸರುಗಳಲ್ಲಿ ‘ಆಸ್ಟಿನ್ ಸೆವೆನ್’ ಎಂಬುದೂ ಒಂದು. ಲಂಡನ್ನಿನಲ್ಲಿ ಓದುತ್ತಿದ್ದ ಕಾಲಿನ್ ಚಾಪ್ಮನ್ ತನ್ನ ಪ್ರೇಯಸಿಯ ತಂದೆತಾಯಿಗಳ ಗ್ಯಾರೇಜಿನಲ್ಲಿ ಒಂದು ಹಳೆಯ ಸೆವೆನ್ನನ್ನು ಬಿಚ್ಚಿ 1948ರಲ್ಲಿ ಕಟ್ಟಿದ ಬಂಡಿಯೇ ಮೊದಲ ‘ಲೋಟಸ್’. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ ಹದಿನೈದರ ಸುಮಾರಿನಲ್ಲಿ ಮೊದಲ ಪಂದ್ಯಕ್ಕೆ ಇಳಿದದ್ದೂ ಆಸ್ಟಿನ್ ಸೆವೆನ್ನಿನಲ್ಲೇ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರ ಮೊದಲ ಕಾರು ಕೂಡ ಈ ಗಾಡಿಯನ್ನು ಪರವಾನಗಿ ಪಡೆದು ತಯಾರಿಸಿದ್ದು.

ಆದರೆ 1960ರಲ್ಲಿ ಬ್ರಿಟನ್ನಿನ ಸರ್ಕಾರ ಹಳೆಯ ವಾಹನಗಳಿಗೆ ವಾರ್ಷಿಕ ತಪಾಸಣೆಯನ್ನು ಕಡ್ಡಾಯ ಮಾಡಿತು. ಬ್ರೇಕು ಸಡಿಲವಾದ, ತುಕ್ಕು ತಿಂದ ಸೆವೆನ್ನುಗಳು ಗುಜರಿಗೆ ಹೋದವು. ಉಳಿದವುಗಳಿಗೆ ಸಂಘಗಳು ಆಸರೆಯಾದವು. 1939ರಲ್ಲೇ ಹುಟ್ಟಿದ್ದ ‘750 ಮೋಟಾರ್ ಕ್ಲಬ್’ ಅವುಗಳಲ್ಲಿ ಮುಖ್ಯವಾದದ್ದು. ಊರೂರಿನ ಸಂಘಗಳು ಸೇರಿ ಕಟ್ಟಿದ ಒಕ್ಕೂಟವೊಂದು ಹಳೆಯ ನಕ್ಷೆಗಳನ್ನೂ ಕೈಪಿಡಿಗಳನ್ನೂ ಕಾಗದ ಪತ್ರಗಳನ್ನೂ ಜೋಪಾನವಾಗಿ ಇಟ್ಟಿದೆ. ಮುರಿಯುವುದಕ್ಕೆ ಹೆಸರಾದ ಇದರ ಕ್ರ್ಯಾಂಕ್‌ಶಾಫ್ಟನ್ನು ಇಂದಿಗೂ ಹೊಸದಾಗಿ ಕಡೆದು ಮಾರುವವರಿದ್ದಾರೆ. ತೊಂಬತ್ತು ವರ್ಷದ ಗಾಡಿಗೆ ಅಂಚೆಯಲ್ಲಿ ಹೊಸ ಭಾಗ ತರಿಸಬಹುದು. ಹತ್ತು ವರ್ಷದ ಈಗಿನ ಕೆಲವು ಕಾರುಗಳಿಗೇ ಅದು ಕಷ್ಟ.

ಇಂದಿನ ತರುಣರ ವಿಷಯಕ್ಕೆ ಬರೋಣ. ಮೊದಲನೆಯ ಮಾತು ಹಣದ್ದು. ಅದನ್ನು ಬಿಟ್ಟು ಆದರ್ಶವನ್ನೇ ಹೇಳಿದರೆ ಪೂರ್ತಿ ನಿಜವಾಗದು. ಈ ಗಾಡಿಗಳನ್ನು ಇಟ್ಟುಕೊಂಡಿದ್ದ ತಲೆಮಾರು ಮುಗಿಯುತ್ತ ಬಂದಿದೆ. ಗ್ಯಾರೇಜಿನ ಬೀಗ ಮಕ್ಕಳ ಕೈಗೆ ಬರುತ್ತದೆ, ಮಕ್ಕಳಿಗೆ ಗಾಡಿ ಬೇಡ. ಮಾರುವವರು ಹೆಚ್ಚಾದಲ್ಲಿ ಬೆಲೆ ಇಳಿಯುವುದು ಲೋಕರೂಢಿ. ಪಂದ್ಯದಲ್ಲಿ ಹೆಸರು ಮಾಡಿದ ಕೆಲವು ಅಪರೂಪದ ಗಾಡಿಗಳನ್ನು ಬಿಟ್ಟರೆ, ಓಡುವ ಸ್ಥಿತಿಯಲ್ಲಿರುವ ಸಾಮಾನ್ಯ ಸೆವೆನ್ನೊಂದು ಇಂದು ಅಲ್ಲಿ ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಸಿಗುತ್ತದೆ. ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯಿಲ್ಲ. ಹೆಚ್ಚು ಮಾರ್ಪಾಡಾಗದೆ ಉಳಿದಿದ್ದರೆ 2018ರಿಂದ ವಾರ್ಷಿಕ ತಪಾಸಣೆಯ ಕಟ್ಟೂ ಇಲ್ಲ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಒಡೆಯನ ತಲೆಯ ಮೇಲೇ ಇದೆ. ನನ್ನನ್ನು ಕೇಳಿದರೆ, ಈ ತಪಾಸಣೆಯ ವಿನಾಯಿತಿ ಅಷ್ಟು ಒಳ್ಳೆಯದಲ್ಲ. ಹೊಸಬನ ಕಣ್ಣಿಗೆ ಕಾಣದ ಬಿರುಕು ಪರಿಣತನ ಕಣ್ಣಿಗೆ ಕಂಡೀತು.

ಅಗ್ಗವೆಂಬುದು ಕೊಳ್ಳಲು ಕಾರಣವಾದೀತೇ ಹೊರತು ಇಟ್ಟುಕೊಂಡು ಸುಖಪಡಲು ಕಾರಣವಾಗದು. ಸುಖದ ಗುಟ್ಟು ಬೇರೆ. ಈ ಗಾಡಿಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಈಗಿನ ಕಾರಿನ ಮೂತಿಯನ್ನು ಎತ್ತಿ ನೋಡಿ. ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ. ಕೆಟ್ಟರೆ ಎಚ್ಚರಿಕೆಯ ದೀಪ ಹತ್ತುತ್ತದೆ. ಏಕೆ ಹತ್ತಿತೆಂಬುದನ್ನು ಇನ್ನೊಂದು ಯಂತ್ರ ಜೋಡಿಸಿಯೇ ತಿಳಿಯಬೇಕು. ಸೆವೆನ್ನಿನ ಮೂತಿ ಎತ್ತಿದರೆ ಪೆಟ್ರೋಲು ಎಲ್ಲಿಂದ ಬರುತ್ತದೆ, ಎಲ್ಲಿ ಗಾಳಿಯೊಡನೆ ಬೆರೆಯುತ್ತದೆ, ಕಿಡಿ ಯಾವ ತಂತಿಯಲ್ಲಿ ಹಾಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಎಂಜಿನ್ನನ್ನು ತಣಿಸುವ ನೀರಿಗೆ ಪಂಪೇ ಇಲ್ಲ. ನಮ್ಮ ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲಕ್ಕೇರಿ ತಣ್ಣೀರು ಕೆಳಗಿಳಿಯುವುದಿಲ್ಲವೇ, ಅದೇ ತತ್ತ್ವ. ಎಂಜಿನ್ನಿನ ಸುತ್ತ ಕಾದ ನೀರು ಹಗುರಾಗಿ ಮೇಲಿನ ಕೊಳವೆಯಿಂದ ರೇಡಿಯೇಟರಿಗೆ ಹೋಗುತ್ತದೆ. ಗಾಳಿಗೆ ತಣಿದು ಭಾರವಾಗಿ ಕೆಳಗಿಳಿದು ಮತ್ತೆ ಎಂಜಿನ್ನಿಗೆ ಬರುತ್ತದೆ. ಎಣ್ಣೆಗೆ ಸಣ್ಣದೊಂದು ಪಂಪುಂಟು. ಅದು ಚಿಮ್ಮಿಸಿದ ಧಾರೆ ತಿರುಗುವ ಕ್ರ್ಯಾಂಕ್‌ಶಾಫ್ಟಿನ ತೋಡಿಗೆ ಬಿದ್ದು ಬೇರಿಂಗುಗಳನ್ನು ಸೇರುತ್ತದೆ. ಧಾರೆ ಬರುವ ರಂಧ್ರ ಕಟ್ಟಿದರೆ ತಂತಿಯೊಂದನ್ನು ತೂರಿಸಿ ಬಿಡಿಸಿದರಾಯಿತು. ಒಂದು ಶನಿವಾರ ಮಧ್ಯಾಹ್ನ ಗೆಳೆಯರಿಬ್ಬರು ಕೂತು ಎಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿ, ಕರಿ ಹೆರೆದು, ವಾಲ್ವುಗಳನ್ನು ತೀಡಿ, ಸಂಜೆಯೊಳಗೆ ಮತ್ತೆ ಜೋಡಿಸಬಹುದು. ದಿನವಿಡೀ ಪರದೆಯ ಮುಂದೆ ಕೂತು ಸಂಜೆಗೆ ಇಂದು ನಾನು ಮಾಡಿದ್ದೇನು ಎಂದು ತೋರಿಸಲಾರದ ಕೆಲಸ ಈ ಕಾಲದ ಅನೇಕ ತರುಣರದು. ತನ್ನ ಕೈಯಿಂದ ಕೆಟ್ಟದ್ದು ಸರಿಹೋಯಿತೆಂಬ ತೃಪ್ತಿಯನ್ನು ಅವರು ಇಲ್ಲಿ ಹುಡುಕುತ್ತಾರೆ. ಅದು ಕೈಗೆ ಮೆತ್ತಿದ ಗ್ರೀಸಿನ ಹಾಗೆ ಕಣ್ಣಿಗೆ ಕಾಣುವ ತೃಪ್ತಿ.

ಓಡಿಸುವುದಂತೂ ಬೇರೆಯೇ ವಿದ್ಯೆ. ಈ ಗಾಡಿಯ ಕ್ಲಚ್ಚು ತುಂಬ ಮುಂಗೋಪಿ. ಪಾದ ಕೂದಲೆಳೆಯಷ್ಟು ಸರಿದರೆ ಸಾಕು, ಹಿಡಿದೇ ಬಿಡುತ್ತದೆ. ಹೊಸಬನ ಕೈಯಲ್ಲಿ ಗಾಡಿ ಕುಪ್ಪಳಿಸಿ ನಿಂತುಬಿಡುತ್ತದೆ. ಮೊದಲ ಕಾಲದ ಮೂರು ಗೇರಿನ ಪೆಟ್ಟಿಗೆಯಲ್ಲಿ ಹಲ್ಲುಗಳನ್ನು ತಾನಾಗಿ ಹೊಂದಿಸುವ ಏರ್ಪಾಡಿಲ್ಲ. ಎರಡು ಚಕ್ರಗಳ ವೇಗ ಸಮವಾಗದೆ ಕೂಡಿಸಿದರೆ ಕರಕರ ಸದ್ದು ಬೀದಿಗೆಲ್ಲ ಕೇಳಿಸುತ್ತದೆ. ಏರು ಬಂದಾಗ ಕೆಳಗಿನ ಗೇರಿಗೆ ಇಳಿಯಬೇಕಾದರೆ ಚಾಲಕ ಕ್ಲಚ್ಚು ತುಳಿದು ಗೇರನ್ನು ನಡುವೆ ನಿಲ್ಲಿಸಬೇಕು. ಕ್ಲಚ್ಚು ಬಿಟ್ಟು ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲು ಕೊಟ್ಟು ಅದರ ವೇಗ ಏರಿಸಬೇಕು. ಮತ್ತೆ ತುಳಿದು ಗೇರು ಸೇರಿಸಬೇಕು. ಇಷ್ಟೂ ಎರಡು ಕ್ಷಣದಲ್ಲಿ ಆಗಬೇಕು. ಇದು ನಮ್ಮ ಹಳೆಯ ಲಾರಿ ಚಾಲಕರು ‘ಡಬಲ್ ಕ್ಲಚ್’ ಎಂದು ಕರೆಯುತ್ತಿದ್ದ ಕೈಚಳಕವೇ. ಕಣ್ಣಿಗಿಂತ ಕಿವಿಗೆ ಇಲ್ಲಿ ಕೆಲಸ ಹೆಚ್ಚು. ಎಂಜಿನ್ನಿನ ಸ್ವರ ಯಾವ ಮಟ್ಟಕ್ಕೆ ಏರಿದಾಗ ಹಲ್ಲು ಕೂಡೀತೆಂಬುದನ್ನು ಶ್ರುತಿ ಹಿಡಿದ ಹಾಗೆ ಹಿಡಿಯಬೇಕು. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸದ್ದೇ ಇಲ್ಲದೆ ಗೇರು ಸೇರಿದಾಗ ಆಗುವ ಸಂತೋಷವನ್ನು, ತಾನೇ ಗೇರು ಬದಲಿಸಿಕೊಳ್ಳುವ ಕಾರಿನ ಒಡೆಯ ಎಂದೂ ಕಾಣಲಾರ.

ವೇಗ ಕಡಿಮೆಯೆಂಬುದೇ ಇಲ್ಲಿ ಗುಣವಾಗುತ್ತದೆ. ಗಂಟೆಗೆ ಮೂವತ್ತೈದು ಮೈಲಿಯಲ್ಲಿ ಈ ಗಾಡಿಯೊಳಗೆ ಕೂತವನಿಗೆ ಪ್ರಳಯ ವೇಗದಲ್ಲಿ ಹೋದಂತೆ ಭಾಸವಾಗುತ್ತದೆ. ಕಾನೂನು ಮುರಿಯುವ ಹಂಗಿಲ್ಲ. ಹೆದ್ದಾರಿಗೆ ಇದು ಒಗ್ಗದು. ಆದ್ದರಿಂದ ಒಡೆಯರು ಬೇಲಿಗಳ ನಡುವಿನ ಹಳ್ಳಿ ದಾರಿ ಹಿಡಿಯುತ್ತಾರೆ. ಮೇಲೆ ಮುಚ್ಚಿಗೆಯಿಲ್ಲ, ಪಕ್ಕದಲ್ಲಿ ಗಾಜಿಲ್ಲ. ಕೊಯ್ದ ಹುಲ್ಲಿನ ವಾಸನೆ, ಎದುರು ಬಂದವನ ನಮಸ್ಕಾರ ಎಲ್ಲವೂ ನೇರವಾಗಿ ಒಳಗೆ ಬರುತ್ತವೆ. ನಿಂತಲ್ಲೆಲ್ಲ ನಾಲ್ಕು ಜನ ಸೇರಿ ಮಾತನಾಡಿಸುತ್ತಾರೆ. ದುಬಾರಿ ಕಾರನ್ನು ಕಂಡು ಹುಬ್ಬು ಗಂಟಿಕ್ಕುವವನೂ ಈ ಪುಟ್ಟ ಗಾಡಿಯನ್ನು ಕಂಡು ನಗುತ್ತಾನೆ.

ಅಪಾಯವನ್ನೂ ಹೇಳಿಬಿಡಬೇಕು. ಮೊದಲ ವರ್ಷಗಳ ಗಾಡಿಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ, ಕೈಯ ಬ್ರೇಕು ಮುಂದಿನವುಗಳಿಗೆ. ಎರಡನ್ನೂ ಒಟ್ಟಿಗೆ ಪ್ರಯೋಗಿಸಿದರೂ ಗಾಡಿ ನಿಲ್ಲಲು ಬಹಳ ದೂರ ಬೇಕು. ಸೀಟು ಬೆಲ್ಟು ಇಲ್ಲ. ಬ್ರಿಟನ್ನಿನ ಕಾನೂನಿನಂತೆ ಬೆಲ್ಟಿಲ್ಲದ ಹಳೆಯ ಗಾಡಿಯಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಂತೆಯೇ ಇಲ್ಲ. ಅದಕ್ಕೆ ಮೇಲ್ಪಟ್ಟ ಮಕ್ಕಳು ಹಿಂದೆಯೇ ಕೂರಬೇಕು. ಚಿಕ್ಕ ವಯಸ್ಸಿನವರಿಗೆ ವಿಮೆ ಕೊಡಲು ಕೆಲವು ಕಂಪೆನಿಗಳು ಹಿಂದೆಗೆಯುವುದೂ ಉಂಟು. ಇನ್ನೊಂದು ಹೊಸ ತೊಡಕು ಪೆಟ್ರೋಲಿನದು. 2021ರಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ, ಬಹು ದಿನ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೀರಿ ತುಕ್ಕು ಹಿಡಿಸೀತೆಂದು ಒಡೆಯರು ಕೊಳವೆಗಳನ್ನು ಬದಲಿಸಿ, ಎಥನಾಲ್ ಕಡಿಮೆಯಿರುವ ದುಬಾರಿ ಪೆಟ್ರೋಲನ್ನೇ ಹುಡುಕುತ್ತಾರೆ. ನೂರಕ್ಕೆ ಇಪ್ಪತ್ತು ಬೆರೆಸುವ ನಮ್ಮ ನಾಡಿನಲ್ಲಿ ಹಳೆಯ ಗಾಡಿಯಿಟ್ಟವರ ಚಿಂತೆ ಇದಕ್ಕಿಂತ ಒಂದು ಪಾಲು ಹೆಚ್ಚೇ.

ಇಷ್ಟೆಲ್ಲದರ ನಡುವೆ ನಿಜವಾಗಿ ಕಳೆದುಹೋಗಬಹುದಾದದ್ದು ಗಾಡಿಯಲ್ಲ. ಗಾಡಿಯನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟರೆ ಇನ್ನೂರು ವರ್ಷ ಇದ್ದೀತು. ಆದರೆ ಕರಗಿದ ಬಿಳಿ ಲೋಹವನ್ನು ಕನೆಕ್ಟಿಂಗ್ ರಾಡಿನ ಬಾಯಿಗೆ ಎರೆದು, ತಣಿದ ಮೇಲೆ ಹೆರೆಹೆರೆದು ಶಾಫ್ಟಿಗೆ ಒಪ್ಪುವಂತೆ ಬೇರಿಂಗು ಕೂಡಿಸುವ ಕೆಲಸವನ್ನು ಪುಸ್ತಕ ಓದಿ ಪೂರ್ತಿ ಕಲಿಯಲಾಗದು. ಎಷ್ಟು ಬಿಗಿಯಿರಬೇಕು ಎಂದು ಕೇಳಿದರೆ ಹಿರಿಯ ಕುಶಲಿ ಅಂಕಿ ಹೇಳುವುದಿಲ್ಲ. ‘ಕೈಯಿಟ್ಟು ನೋಡು, ಹೀಗೆ’ ಎನ್ನುತ್ತಾನೆ. ಆ ‘ಹೀಗೆ’ ಎಂಬುದು ಕೈಯಿಂದ ಕೈಗೇ ದಾಟಬೇಕು. ಸಾವಿರದ ಒಂಬೈನೂರ ಐವತ್ತರ ದಶಕದಲ್ಲಿ ವಿದ್ಯಾರ್ಥಿಗಳಾಗಿ ಈ ಗಾಡಿಗಳನ್ನು ಬಿಚ್ಚಿ ಕಟ್ಟಿದವರು ಈಗ ಎಂಬತ್ತು, ತೊಂಬತ್ತರ ಅಂಚಿನಲ್ಲಿದ್ದಾರೆ. ಇದನ್ನು ಅರಿತೇ ಇಂಗ್ಲೆಂಡಿನ ಬಿಸೆಸ್ಟರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಹಳೆಯ ಮೋಟಾರುಗಳ ಕೆಲಸವನ್ನು ಹುಡುಗರಿಗೆ ಕಲಿಸುವ ತರಬೇತಿಯನ್ನು ಏರ್ಪಡಿಸಿದ್ದಾರೆ. ಅದಕ್ಕಿಂತ ಹೆಚ್ಚಿನ ಪಾಠ ನಡೆಯುವುದು ಸಂಘಗಳ ಕೂಟದಲ್ಲಿ. ಹುಡುಗಿಯೊಬ್ಬಳು ಕಾರ್ಬ್ಯುರೇಟರ್ ಬಿಚ್ಚಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರೆ, ಊರುಗೋಲು ಹಿಡಿದ ಮುದುಕ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ. ಅವನಿಗೆ ಬಗ್ಗಲಾಗದು, ಅವಳಿಗೆ ತಿಳಿಯದು. ಇಬ್ಬರೂ ಸೇರಿದರೆ ಗಾಡಿ ಹೊರಡುತ್ತದೆ.

ಹಳತನ್ನು ತರುಣರು ಮೆಚ್ಚುವುದು ಹೊಸ ಸಂಗತಿಯೆಂದೂ ತಿಳಿಯಬೇಕಾಗಿಲ್ಲ. ಕಾರುಗಳು ಕೆಡುತ್ತಿವೆ, ಹಿಂದಿನವೇ ಚೆನ್ನಾಗಿದ್ದವು ಎಂದು ಬ್ರಿಟನ್ನಿನ ಕೆಲವು ತರುಣರು ಸೇರಿ ‘ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್’ ಕಟ್ಟಿದ್ದು 1934ರಲ್ಲಿ. 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ವಿಂಟೇಜ್ ಎಂಬುದು ಅವರ ಗೆರೆ. ಅಂದರೆ ಕೆಲವೇ ವರ್ಷದ ಹಿಂದಿನ ಗಾಡಿಗೇ ಅವರು ಹಳೆಯದೆಂಬ ಗೌರವ ಕೊಟ್ಟಿದ್ದರು!

ನಮ್ಮಲ್ಲಿಯೂ ಈ ಆಸಕ್ತಿ ಇಲ್ಲದಿಲ್ಲ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಯೇ ಬಂದಿರುತ್ತೀರಿ. ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನೋಂದಣಿಯ ನಿಯಮ ಮಾಡಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅದು ಹತ್ತು ವರ್ಷ ನಡೆಯುತ್ತದೆ. ಮುಂದಿನ ಸಲಕ್ಕೆ 5,000. ಸಂಖ್ಯೆಯ ಫಲಕದಲ್ಲಿ ರಾಜ್ಯದ ಅಕ್ಷರಗಳ ಬಳಿಕ ‘ವಿ ಎ’ ಎಂಬ ಎರಡು ಅಕ್ಷರ ಇರುತ್ತವೆ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

ಎಲ್ಲಿಯಾದರೂ ಅಂಥ ರ್‍ಯಾಲಿಯಲ್ಲಿ ಬೇಬಿ ಆಸ್ಟಿನ್ ಕಂಡು, ಒಡೆಯರು ಪ್ರೀತಿಯಿಂದ ‘ಒಂದು ಸಲ ಹ್ಯಾಂಡಲ್ ಹಾಕಿ ನೋಡಿ’ ಎಂದರೆ ಒಪ್ಪಿಕೊಳ್ಳಿ. ಮೊದಲು ಗೇರು ನಡುವೆ ನಿಂತಿದೆಯೇ ಕೇಳಿ. ಸ್ಟೀರಿಂಗ್ ಚಕ್ರದ ಮೇಲೆ ಕಿಡಿಯ ಸಮಯವನ್ನು ಹಿಂದುಮುಂದು ಮಾಡುವ ಸಣ್ಣ ಹಿಡಿಯುಂಟು; ಅದು ಹಿಂದಕ್ಕೆ ಸರಿದಿರಬೇಕು, ಇಲ್ಲವಾದರೆ ಎಂಜಿನ್ ಉಲ್ಟಾ ಒದೆಯುತ್ತದೆ. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬೇಡಿ, ಮಿಕ್ಕ ಬೆರಳುಗಳ ಜೊತೆಯಲ್ಲೇ ಒಂದೇ ಕಡೆ ಇಡಿ. ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಒತ್ತಬೇಡಿ. ಎಂಜಿನ್ ಹಿಡಿದ ಕೂಡಲೇ ಹ್ಯಾಂಡಲನ್ನು ಕಿತ್ತುಕೊಂಡು ಪಕ್ಕಕ್ಕೆ ಬನ್ನಿ.